ಫ್ಯಾನಿನ ‘ಗರಗರ’: ತಿರುಗುವುದೋ, ಉಜ್ಜುವುದೋ?

ಗೆಳೆಯರೇ,

‘ಗರಗರ’ ಅಂದ ಕೂಡಲೇ ನಿಮಗೆ ಮೊದಲು ಹೊಳೆಯುವುದು ಏನು? ತಿರುಗುವ ಬುಗುರಿಯೋ, ಬೀಸುವ ಕಲ್ಲಿನ ಸದ್ದೋ?

ಕೇಳಲು ಕಾರಣ ಇದೆ. ಹೋದ ತಿಂಗಳು ನನ್ನ ಲ್ಯಾಪ್‌ಟಾಪಿನ ಫ್ಯಾನು ಸದ್ದು ಮಾಡತೊಡಗಿತು. ರಿಪೇರಿಯವರಿಗೆ ಫೋನ್ ಮಾಡಿ ‘ಫ್ಯಾನು ಗರಗರ ಅಂತಿದೆ’ ಅಂದೆ. ನನ್ನ ಮನಸ್ಸಿನಲ್ಲಿದ್ದದ್ದು ಬೀಸುವ ಕಲ್ಲು. ಅವರಿಗೆ ಕೇಳಿಸಿದ್ದು ಬುಗುರಿ. ಜೋರಾಗಿ ತಿರುಗುತ್ತಿದೆ ಅಂದರೆ ಧೂಳು ಕಟ್ಟಿರಬೇಕು ಅಂತ ಬಿಚ್ಚಿ, ಧೂಳು ತೆಗೆದು ಕೊಟ್ಟರು. ಆನ್ ಮಾಡಿದರೆ ಮತ್ತೆ ಅದೇ ಸದ್ದು. ಅವರನ್ನು ದೂರಲಾರೆ, ನಾನು ಕೊಟ್ಟ ಪದವೇ ಎರಡು ದಾರಿ ತೋರಿಸುತ್ತಿತ್ತು.

ಆಮೇಲೆ ಒಂದು ರಾತ್ರಿ ಲ್ಯಾಪ್‌ಟಾಪನ್ನು ನಿಧಾನವಾಗಿ ಪಕ್ಕಕ್ಕೆ ವಾಲಿಸಿ ಕಿವಿಯಿಟ್ಟೆ. ಸದ್ದು ನಿಂತಿತು. ಮತ್ತೆ ಸಮತಟ್ಟಾಗಿ ಇಟ್ಟೆ, ಶುರುವಾಯಿತು. ಧೂಳಾಗಿದ್ದರೆ ವಾಲಿಸಿದ ಮಾತ್ರಕ್ಕೆ ನಿಲ್ಲುವುದಿಲ್ಲ ಅಲ್ವಾ? ಫ್ಯಾನಿನ ಅಚ್ಚನ್ನು ಹಿಡಿದು ತಿರುಗಲು ಬಿಡುವ ಬೇರಿಂಗು ಸವೆದಿತ್ತು. ಫ್ಯಾನು ಬದಲಿಸಿದ ಮೇಲೆಯೇ ಸರಿಹೋದದ್ದು.

ಧೂಳಿನ ಸದ್ದಿಗೆ ನಮ್ಮಲ್ಲಿ ಪದಕ್ಕೆ ಬರವಿಲ್ಲ. ಒಳಗಿನ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಹೀಟ್‌ಸಿಂಕಿನ ತೆಳು ತಗಡುಗಳ ನಡುವೆ ಧೂಳು ಕೂತರೆ ಬಿಸಿ ಹೊರಗೆ ಹೋಗುವುದಿಲ್ಲ. ಆಗ ಫ್ಯಾನು ವೇಗ ಏರಿಸಿಕೊಳ್ಳುತ್ತದೆ. ವೇಗ ದುಪ್ಪಟ್ಟಾದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಅದು ಗಾಳಿಯ ಸದ್ದು. ಹಾಗಾಗಿ ‘ಭೋರ್ ಅಂತಿದೆ’, ‘ಬುಸುಗುಟ್ಟುತ್ತಿದೆ’ ಅಂದರೆ ಸಾಕು, ಕೇಳಿದವರು ನೇರ ಗಾಳಿಯ ಕಿಂಡಿಗೆ ಕೈ ಹಾಕುತ್ತಾರೆ. ರೆಕ್ಕೆಗೆ ವೈರೋ ಕೂದಲೋ ತಾಗುತ್ತಿದ್ದರೆ ‘ಟಕಟಕ’. ಇದರಲ್ಲೂ ಗೊಂದಲವಿಲ್ಲ.

ತೊಡಕು ಇರುವುದು ಬೇರಿಂಗಿನದಕ್ಕೇ. ‘ಕಿರುಗುಟ್ಟು’ ಅನ್ನೋಣ ಅಂದರೆ ಅದು ಎಣ್ಣೆ ಕಾಣದ ಬಾಗಿಲಿನದು, ಬಾವಿಯ ರಾಟೆಯದು. ಸ್ವಲ್ಪ ಸಣ್ಣ ದನಿ. ‘ಕರಕರ’ದಲ್ಲಿ ಮರಳು ಸಿಕ್ಕಿಕೊಂಡ ಭಾವ ಇದೆ, ತಿರುಗುವಿಕೆ ಇಲ್ಲ. ನನಗೆ ಈಗ ‘ಗೊರಗೊರ’ ಹಿಡಿಸಿದೆ. ಗೊರಕೆಯ ನಂಟು ಇರುವುದರಿಂದ ದನಿ ದಪ್ಪವಾಗಿದೆ, ಏರಿಳಿತವೂ ಇದೆ. ಸವೆದ ಬೇರಿಂಗು ಹಾಗೇ ಅಲ್ವಾ, ಒಮ್ಮೆ ಜೋರು, ಒಮ್ಮೆ ಮೆಲ್ಲಗೆ. ಆದರೆ ಕಫ ಕಟ್ಟಿದ ಎದೆಗೂ ಇದೇ ಪದ ಬಳಸುತ್ತೇವೆ. ಯಂತ್ರಕ್ಕೆ ಹೊಂದುತ್ತದೆಯೇ?

ಇನ್ನೊಂದು ಸದ್ದು ಫ್ಯಾನಿನದೇ ಅಲ್ಲ. ಲ್ಯಾಪ್‌ಟಾಪಿನೊಳಗಿನ ಬೋರ್ಡಿನ ಮೇಲಿನ ಕಾಯಿಲ್, ಅಂದರೆ ತಂತಿಯ ಸುರುಳಿ, ಸಣ್ಣಗೆ ಅದುರಿ ‘ಕುಂಯ್’ ಅನ್ನುತ್ತದೆ. ಫ್ಯಾನು ನಿಂತಿದ್ದರೂ ಕೇಳುತ್ತದೆ, ಪರದೆಯ ಮೇಲಿನ ಪುಟವನ್ನು ಮೇಲೆ ಕೆಳಗೆ ಸರಿಸಿದರೆ ದನಿ ಬದಲಾಗುವುದೂ ಉಂಟು. ಬಹಳ ಜನ ಇದಕ್ಕೂ ಸುಮ್ನೆ ‘ಫ್ಯಾನ್ ಕೂಗ್ತಿದೆ’ ಅಂದುಬಿಡುತ್ತಾರೆ, ಹಾಳಾಗದ ಫ್ಯಾನನ್ನು ಬಿಚ್ಚಿಸುತ್ತಾರೆ. ‘ಕುಂಯ್‌ಗುಟ್ಟು’ ಅಂದರೆ ನಾಯಿಮರಿ ನೆನಪಾಗುತ್ತದೆ. ‘ಗುಂಯ್‌ಗುಡು’ ದುಂಬಿಯದು, ಇಷ್ಟು ಚೂಪಾಗಿಲ್ಲ.

‘ಫ್ಯಾನು’ ಪದವನ್ನು ಹಾಗೇ ಬಿಟ್ಟಿದ್ದೇನೆ. ‘ಬೀಸಣಿಗೆ’ ಕೈಯಲ್ಲಿ ಹಿಡಿಯುವುದು, ಇಲ್ಲಿಗೆ ಒಗ್ಗದು.

ಗಾಣ, ರಾಟೆ, ಚರಕ ಇವುಗಳ ಅಚ್ಚು ಸವೆದಾಗ ಬರುವ ಸದ್ದಿಗೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ‘ಗರಗರ’ವನ್ನು ಸದ್ದಿಗಾಗಿ ಮಾತ್ರ ಬಳಸುವವರು ಯಾರಾದರೂ ಇದ್ದೀರಾ? ನೀವು ಆಡುವ ಒಂದು ವಾಕ್ಯವನ್ನೂ ಜೊತೆಗೆ ಬರೆಯಿರಿ.