ಸಾಹೇಬ್ರ ಮನೆ ಕಲಬುರಗಿ, ಕಚೇರಿ ಯಾದಗಿರಿ: ಇಲಾಖೆ ಗಾಡಿ ದಿನಾ ಓಡಾಡಿದ್ರೆ ಲಾಗ್ ಬುಕ್‌ನಲ್ಲಿ ಏನು ಬರೀಬೇಕು?

ಕೇಸ್‌ವರ್ಕರ್ 33

ವಾಹನ ಶಾಖೆ ನೋಡಿಕೊಳ್ಳೋರು ಯಾರಾದ್ರೂ ಇದ್ರೆ ಹೇಳ್ರಿ. ಜಿಲ್ಲಾ ಮಟ್ಟದ ಕಚೇರಿ ಯಾದಗಿರಿಯಲ್ಲಿ, ಅಧಿಕಾರಿಯ ವಾಸ ಕಲಬುರಗಿಯಲ್ಲಿ. ಇಲಾಖೆಯ ಬೊಲೆರೊ ಮುಂಜಾನೆ ಕರ್ಕೊಂಡು ಬರೋದು, ಸಂಜಿಗೆ ಬಿಟ್ಟು ಅಲ್ಲೇ ನಿಲ್ಲೋದು. ಇದಕ್ಕೆ ಅನುಮತಿ ಅದ ಏನು? ಯಾವ ಕಾಯ್ದೆ ತಡೀತದ? ಆಡಿಟ್‌ನಲ್ಲಿ ಆಕ್ಷೇಪಣೆ ಬಂದ್ರೆ ಸಿಕ್ಕಿಬೀಳೋರು ಯಾರು: ಅಧಿಕಾರಿನಾ, ಡ್ರೈವರಾ, ಡೀಸೆಲ್ ಬಿಲ್ ಮಂಡಿಸೋ ಗುಮಾಸ್ತನಾ?

ತೊಗರಿ ಕಣಜ

ಕಾಯ್ದೆ ಹುಡುಕಬೇಡಿ, ಸಿಗೋದಿಲ್ಲ. ಕರ್ನಾಟಕದಲ್ಲಿ ಇದಕ್ಕಂತ ಪ್ರತ್ಯೇಕ ಶಾಸನ ಇಲ್ಲ. ಇರೋದು ಸರ್ಕಾರಿ ಆದೇಶ, ಸುತ್ತೋಲೆ, ಆಯಾ ಇಲಾಖೆಯ ಇಂಧನ ಮಿತಿ. ಅದಕ್ಕೇ ಎಲ್ಲ ತೂಕ ಲಾಗ್ ಬುಕ್ ಮೇಲೆ ಬೀಳ್ತದೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಕಲೆಸಿಕೊಂಡಿವೆ. ಅದೇ ಊರಿನ ಮನೆಯಿಂದ ಕಚೇರಿಗೆ 3 ಕಿ.ಮೀ. ಬರೋದು ಒಂದು. ಕೇಂದ್ರಸ್ಥಾನ, ಅಂದ್ರೆ ಕಚೇರಿ ಇರೋ ಊರು, ಬಿಟ್ಟು ಬೇರೆ ಜಿಲ್ಲೆಯಿಂದ ಬರೋದು ಇನ್ನೊಂದು. ಎರಡನೇದರಲ್ಲಿ ಮೊದಲು ಏಳೋ ಪ್ರಶ್ನೆ ಗಾಡಿದಲ್ಲ, ಕೇಂದ್ರಸ್ಥಾನದ್ದು: ಅಲ್ಲಿ ವಾಸ ಇಲ್ಲದೋರು ಯಾರ ಅನುಮತಿ ಪಡೆದು ದಿನಾ ಜಿಲ್ಲೆ ದಾಟುತ್ತಾರೆ? ಆ ಅನುಮತಿ ಪತ್ರ ಕಡತದಲ್ಲಿ ಇಲ್ಲ ಅಂದ್ರೆ ಗಾಡಿಯ ಸಮರ್ಥನೆ ಅಲ್ಲೇ ಬಿತ್ತು.

ಈಗ ಲೆಕ್ಕ ನೋಡಿ. ಕಲಬುರಗಿ–ಯಾದಗಿರಿ ಹೆಚ್ಚುಕಮ್ಮಿ 80 ಕಿ.ಮೀ. ಹೋಗಿ ಬಂದು 160. ತಿಂಗಳಿಗೆ 22 ಕೆಲಸದ ದಿನ ಅಂದ್ರೆ 3,520 ಕಿ.ಮೀ. ಲೀಟರಿಗೆ 12 ಹಿಡಿದರೂ 293 ಲೀಟರ್ ಡೀಸೆಲ್, ಅದೂ ಕೆಲಸ ಶುರು ಆಗೋ ಮೊದಲೇ. ಇಷ್ಟನ್ನ 'ಮನೆಯಿಂದ ಕಚೇರಿಗೆ' ಅಂತ ಯಾರೂ ಬರೆಯೋದಿಲ್ಲ. 'ಶಹಾಪುರ ಕ್ಷೇತ್ರ ಭೇಟಿ', 'ಸುರಪುರ ಕಾಮಗಾರಿ ಪರಿಶೀಲನೆ' ಅಂತ ಬರೀತಾರೆ. ಸಿಕ್ಕಿಬೀಳೋದು ಇಲ್ಲಿ:

– ಪ್ರವಾಸ ದಿನಚರಿಯಲ್ಲಿ ಆ ದಿನ ಸುರಪುರ ಇರೋದಿಲ್ಲ. ಭೇಟಿ ಕೊಟ್ಟ ಕಚೇರಿಯ ಪುಸ್ತಕದಲ್ಲೂ ಸಹಿ ಇರೋದಿಲ್ಲ.

– ಸಂಜೆ ನಿಂತಾಗಿನ ಮೀಟರ್ ಮರುದಿನ ಹೊರಟಾಗಿನ ಮೀಟರಿಗೆ ಹೊಂದಬೇಕು. ಶನಿವಾರ 41,236ಕ್ಕೆ ಮುಚ್ಚಿ ಸೋಮವಾರ 41,283ಕ್ಕೆ ತೆರೆದಿದ್ರೆ ಆ 47 ಕಿ.ಮೀ. ಭಾನುವಾರ ಎಲ್ಲಿ ಹೋಯ್ತು? ಗಾಡಿ ರಾತ್ರಿ ಮನೆ ಮುಂದೆ ನಿಲ್ಲೋ ಕಡೆಯೆಲ್ಲ ಈ ಬಿರುಕು ಕಾಣ್ತದೆ.

– ಸರ್ವಿಸ್ ಸೆಂಟರ್ ಜಾಬ್ ಕಾರ್ಡ್. ಇದನ್ನ ಬಹಳ ಮಂದಿ ಮರೀತಾರೆ. ಆಯಿಲ್ ಬದಲಿಸಿದ ದಿನದ ಕಿ.ಮೀ. ಅವರು ಬರ್ಕೊಂಡಿರ್ತಾರೆ, ಬಿಲ್ ಜೊತೆ ವೋಚರಿಗೆ ಅದೂ ಲಗತ್ತಾಗಿರ್ತದೆ. ಅದೇ ದಿನ ಲಾಗ್ ಬುಕ್ 600 ಕಿ.ಮೀ. ಮುಂದಿದ್ರೆ ಆಡಿಟರ್‌ಗೆ ಬೇರೆ ಸಾಕ್ಷಿ ಬೇಡ.

– ನಮ್ಮ ಭಾಗದ ಬೇಸಿಗೆ ಸಮಯ. ಏಪ್ರಿಲ್, ಮೇ ತಿಂಗಳು ಕಲಬುರಗಿ ವಿಭಾಗದಲ್ಲಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30. ಏಪ್ರಿಲ್ ಪುಟದಲ್ಲೂ 'ಕಲಬುರಗಿ ಬಿಟ್ಟದ್ದು 8:30' ಅಂತಿದ್ರೆ ಹಾಜರಿ ಪುಸ್ತಕವೂ ಮೇಜಿನ ಮೇಲೆ ಬರ್ತದೆ. ತಿಂಗಳ ಕೊನೆಗೆ ಕೂತು ಒಂದೇ ಪೆನ್ನಿನಲ್ಲಿ ಮೂವತ್ತು ದಿನ ಬರೆದೋರಿಗೆ ಆಗೋ ಎಡವಟ್ಟು ಇದು.

'ಮೀಟರ್ ಕೆಟ್ಟಿದೆ' ಅನ್ನೋ ನೆಪ ನಡೆಯೋದಿಲ್ಲ. ಕೆಟ್ಟ ದಿನವೇ ಲಿಖಿತ ವರದಿ, ದುರಸ್ತಿ ಬಿಲ್, ಹೊಸ ಮೀಟರಿನ ಆರಂಭದ ಓದು, ಮೂರೂ ಬೇಕು.

ಹೊಣೆ ವಿಷಯ: ಗಾಡಿ ಬಳಸಿದೋರು ಮತ್ತು ಲಾಗ್ ಬುಕ್ ದೃಢೀಕರಿಸಿದೋರು ಮೊದಲು. ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು 1957, ನಿಯಮ 8ರಲ್ಲಿ ಸರ್ಕಾರಕ್ಕಾದ ನಷ್ಟವನ್ನ ಸಂಬಳದಿಂದ ವಸೂಲಿ ಮಾಡೋದು ಒಂದು ಲಘು ದಂಡನೆ. ಆದೇಶ ಉಲ್ಲಂಘನೆ ಅಥವಾ ನಿರ್ಲಕ್ಷ್ಯ ಸಾಬೀತಾದ್ರೆ ಸಾಕು. ಆ 'ನಿರ್ಲಕ್ಷ್ಯ' ಅನ್ನೋ ಶಬ್ದ ಗುಮಾಸ್ತನ ತನಕ ಎಳೀತದೆ.

ಹಂಗಾಗಿ ಬಿಲ್ ತಡೀಲಿಕ್ಕೆ ಹೋಗಬೇಡಿ, ಕಡತದಲ್ಲಿ ಟಿಪ್ಪಣಿ ಇಡ್ರಿ: "ಈ ತಿಂಗಳು ಒಟ್ಟು 3,520 ಕಿ.ಮೀ.; ಪ್ರವಾಸ ದಿನಚರಿ ಲಗತ್ತಿಸಿಲ್ಲ; ಇಂಧನ ಮಿತಿ ಮೀರಿದೆ; ಆದೇಶಕ್ಕಾಗಿ ಮಂಡಿಸಿದೆ." ನಾಲ್ಕು ವಾಕ್ಯ ಸಾಕು. 'ದುರುಪಯೋಗ' ಅನ್ನೋ ಶಬ್ದ ನೀವು ಬರೀಬೇಡಿ, ಅದು ತೀರ್ಮಾನಿಸೋರ ಕೆಲಸ.

ಭೀಮಾ ದಂಡೆ

ಮೇಲಿನೋರು ಹೇಳಿದ್ದು ಸರಿ ಅದ. ಡ್ರೈವರ್ ಅಣ್ಣಂದಿರಿಗೆ ಒಂದು ಮಾತು: ಬಳಸಿದೋರ ಸಹಿ ಅವತ್ತಿಂದು ಅವತ್ತೇ ತಗೊಳ್ರಿ. ಉದ್ದೇಶದ ಕಾಲಂನಲ್ಲಿ 'ಸ್ಥಳೀಯ ಓಡಾಟ' ಅಂತ ಬಿಟ್ಟರೆ ಉತ್ತರ ಹೇಳೋದು ನೀವೇ ಆಗ್ತೀರಿ. ಕಲಬುರಗಿಗೆ ಬಿಟ್ಟಿದ್ರೆ ಕಲಬುರಗಿ ಅಂತಲೇ ಬರೀರಿ.

ಅಪಘಾತ ಆದ್ರೆ ಏನು ಅನ್ನೋದು ನಿಮ್ಮ ಪ್ರಶ್ನೆಯಲ್ಲಿ ಇಲ್ಲ, ಆದ್ರೆ ದೊಡ್ಡ ಪೆಟ್ಟು ಅಲ್ಲೇ ಇರೋದು. 'ಖಾಸಗಿ ಓಡಾಟ ಇತ್ತು, ಸರ್ಕಾರಕ್ಕೆ ಸಂಬಂಧ ಇಲ್ಲ' ಅಂತ ಇಲಾಖೆ ಸುಲಭಕ್ಕೆ ಕೈ ತೊಳ್ಕೊಳ್ಳೋಕೆ ಆಗಲ್ಲ. 1962ರ ವಿದ್ಯಾವತಿ ಪ್ರಕರಣ ನೋಡಿ: ಉದಯಪುರದ ಕಲೆಕ್ಟರ್ ಜೀಪು ರಿಪೇರಿ ಮುಗಿಸಿ ಬಂಗಲೆಗೆ ವಾಪಸ್ ಬರುವಾಗ ದಾರಿಹೋಕರೊಬ್ಬರಿಗೆ ಹೊಡೆದು ಅವರು ತೀರಿಕೊಂಡ್ರು. ಚಾಲಕನ ತಪ್ಪಿಗೆ ರಾಜಸ್ಥಾನ ಸರ್ಕಾರವೇ ಹೊಣೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರ ಪರಿಹಾರ ಕೊಟ್ಟ ಮೇಲೆ ಲಾಗ್ ಬುಕ್ ತೆಗೆದು 'ಈ ಪ್ರಯಾಣಕ್ಕೆ ಅನುಮತಿ ಯಾರದು' ಅಂತ ಒಳಗಿನ ವಿಚಾರಣೆ ಶುರು ಆಗ್ತದ.

ಹಳದಿ ಬೋರ್ಡ್

ಬಾಡಿಗೆ ಗಾಡಿ ಆದ್ರೆ ಇನ್ನೊಂದು ತೊಡಕು. ತಿಂಗಳ ಒಪ್ಪಂದದಲ್ಲಿ ಬರೆದ ಕಿ.ಮೀ. ಮೀರಿದ್ರೆ ಹೆಚ್ಚುವರಿ ಹಣ ಬೀಳ್ತದ, ಮನೆ ಓಡಾಟ ನೇರವಾಗಿ ಬಿಲ್‌ನಲ್ಲೇ ಕಾಣ್ತದ. ಪರಿಚಯದೋರ ಬಿಳಿ ಬೋರ್ಡ್ ಗಾಡಿ ಮಾತ್ರ ಇಟ್ಕೋಬೇಡಿ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದ್ರೆ ಮೋಟಾರು ವಾಹನ ಕಾಯ್ದೆ 192ಎ ಅಡಿ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಅದ. ಖಾಸಗಿ ಪಾಲಿಸಿಯಲ್ಲಿ ಬಾಡಿಗೆ ಬಳಕೆಗೆ ವಿಮೆ ಇರಲ್ಲ.

ಕಲಂ ಓದೋನು

ಶಾಸನದಲ್ಲೇ ಬರೆದಿಟ್ಟ ದೇಶ ಬೇಕಾದ್ರೆ ಅಮೆರಿಕ. ಅವರ ಸಂಹಿತೆಯ 31ನೇ ಭಾಗ, 1344ನೇ ಕಲಂ: ಮನೆ–ಕಚೇರಿ ಓಡಾಟ ಸರ್ಕಾರಿ ಉದ್ದೇಶ ಅಲ್ಲ. ಅಧ್ಯಕ್ಷರಂಥ ಕೆಲವೇ ಹುದ್ದೆ, ಕ್ಷೇತ್ರ ಕೆಲಸ, ಜೀವಭಯ, ತುರ್ತು ಸಂದರ್ಭ ಇವಕ್ಕೆ ವಿನಾಯಿತಿ. ಬೇಕಂತಲೇ ತಪ್ಪಿದ್ರೆ 1349ನೇ ಕಲಂ, ಕನಿಷ್ಠ ಒಂದು ತಿಂಗಳು ಸಂಬಳ ಇಲ್ಲದ ಅಮಾನತು. ಬಳಸಿದೋರಿಗೆ ಮಾತ್ರ ಅಲ್ಲ, ಬಳಸಲು ಅನುಮತಿ ಕೊಟ್ಟೋರಿಗೂ! ನಮ್ಮ ಕೇಂದ್ರ ಸರ್ಕಾರದ ದಾರಿ ಬೇರೆ: 7ನೇ ವೇತನ ಆಯೋಗದ ನಂತರ ವೇತನದ 14ನೇ ಹಂತ ಮತ್ತು ಮೇಲಿನ, ಗಾಡಿಗೆ ಅರ್ಹರಾದ ಅಧಿಕಾರಿ ಒಂದೋ ಗಾಡಿ ಇಟ್ಕೋಬೇಕು, ಇಲ್ಲ ತಿಂಗಳಿಗೆ 15,750 ರೂಪಾಯಿ ಸಾರಿಗೆ ಭತ್ಯೆ ಮತ್ತು ಅದರ ಮೇಲಿನ ತುಟ್ಟಿಭತ್ಯೆ ತಗೋಬೇಕು. ಎರಡೂ ಇಲ್ಲ. ಇದು ಹೆಚ್ಚು ಪ್ರಾಮಾಣಿಕ ಅನ್ನಿಸ್ತದೆ ನನಗೆ.

ಕೇಸ್‌ವರ್ಕರ್ 33

ಉಪಕಾರ ಆಯ್ತು ರೀ. ಹೊರಗಿನೋರು ಆರ್‌ಟಿಐ ಹಾಕಿದ್ರೆ ಲಾಗ್ ಬುಕ್ ಕೊಡಬೇಕಾ?

ತೊಗರಿ ಕಣಜ

ಕೊಡಬೇಕು, ಅದು ಕಚೇರಿ ದಾಖಲೆ. ಅರ್ಜಿ ಶುಲ್ಕ 10 ರೂಪಾಯಿ, ನಕಲು ಪುಟಕ್ಕೆ 2 ರೂಪಾಯಿ, ಗಡುವು 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಶಬ್ದ ಮೀರಬಾರದು. ಗೊತ್ತಿರೋರು 'ಮೂರು ವರ್ಷದ್ದು ಎಲ್ಲಾ ಕೊಡಿ' ಅಂತ ಕೇಳೋದಿಲ್ಲ. ಒಂದು ತಿಂಗಳ ಲಾಗ್ ಬುಕ್, ಅದೇ ತಿಂಗಳ ಪ್ರವಾಸ ದಿನಚರಿ, ಡೀಸೆಲ್ ಬಿಲ್ ಕೇಳ್ತಾರೆ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಮುಗೀತು. ಅರ್ಜಿ ಬಂದ ಮೇಲೆ ಹಳೇ ಪುಸ್ತಕ 'ಕಳೆದಿದೆ' ಅಂತ ಹೊಸದು ಬರೆಯೋ ಸಲಹೆ ಯಾರಾದ್ರೂ ಕೊಟ್ರೆ ಕೇಳಬೇಡಿ. ಡೀಸೆಲ್ ಬಿಲ್ಲಿನ ಪ್ರತಿ ಖಜಾನೆಗೂ ಹೋಗಿರ್ತದೆ.