ಫೈಬ್ರೊಮಯಾಲ್ಜಿಯಾಗೆ ಪ್ರೆಗಾಬಲಿನ್ ತಗೊಂಡೋರು ಇದ್ರೆ ಅನುಭವ ಹೇಳಿ

ಹಗಲುನಿದ್ದೆ: ಮೈಯೆಲ್ಲಾ ನೋವು, ಫೈಬ್ರೊ ಅಂದ್ರು. ರಾತ್ರಿಗೆ ಪ್ರೆಗಾಬಲಿನ್ 75 ಬರ್ಕೊಟ್ಟಿದಾರೆ. ನಂಗೆ ಮೊದ್ಲೇ ತಲೆಸುತ್ತು ಇದೆ, ಶುರು ಮಾಡ್ಲಾ?

ಮೈಭಾರ: ನಾನು ತಗೊಂಡಿದ್ದೆ. ನೋವು ಇಳೀತು ನಿಜ, ಆದ್ರೆ ತೂಕ ಏರಿದ್ದೇ ಏರಿದ್ದು, ಪಾದ ಊದ್ಕೊಂಡು ಶೂ ಹಿಡಿಸ್ತಿರ್ಲಿಲ್ಲ, ಬೆಳಗ್ಗೆಯೆಲ್ಲಾ ತಲೆ ಮಂಕು, ಮೀಟಿಂಗಲ್ಲಿ ಎದುರಿಗೆ ಕೂತೋರ ಹೆಸ್ರೇ ಬಾಯಿಗೆ ಬರ್ತಿರ್ಲಿಲ್ಲ, ಆ ಸಲದ ಪ್ರಮೋಷನ್ ಜೂನಿಯರ್ ಪಾಲಾಯ್ತು. ಆಮೇಲೆ ಡುಲೊಕ್ಸೆಟಿನ್ 30, ವಾಕರಿಕೆ, 60ಕ್ಕೆ ಏರಿಸಿದ್ಮೇಲೆ ರಾತ್ರಿಯಿಡೀ ಬೆವರು. ಆದ್ರೂ ಅದ್ರಲ್ಲೇ ಇದೀನಿ, ಬಿಡಲ್ಲ.

ನಡೆಯೋನು: ಮಾತ್ರೆ ಎಲ್ಲಾ ವೇಸ್ಟ್. ಯುರೋಪಿನ ಕೀಲು-ಸ್ನಾಯು ಕಾಯ್ಲೆ ತಜ್ಞರ ಸಂಘ ಯೂಲಾರ್ 2016ರಲ್ಲಿ ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮ ಒಂದನ್ನೇ. ಫಿಸಿಯೋ ಒಬ್ರು ಮೊದಲ್ನೇ ದಿನಾನೇ ತೂಕ ಎತ್ತಿಸಿ ವಾರಗಟ್ಲೆ ಹಾಸಿಗೆ ಹಿಡಿಸಿದ್ರು, ಅವ್ರನ್ನ ಬಿಟ್ಟು ನಾನೇ ಐದೈದು ನಿಮಿಷ ನಡೆದೆ, ಚೆನ್ನಾಗಿರೋ ದಿನಾನೂ ಅಷ್ಟೇ, ಮೀರಲ್ಲ. ಮಾತ್ರೆ ಇವತ್ತೇ ನಿಲ್ಸಿ.

ಮೈಭಾರ: ರೀ ಸ್ವಾಮಿ, ಪ್ರೆಗಾಬಲಿನ್ ತಗೋತಿರೋರು ದಿಢೀರಂತ ನಿಲ್ಸಿದ್ರೆ ನಿದ್ದೆ ಹೋಗುತ್ತೆ, ಬೆವರು, ಗಾಬರಿ ಎಲ್ಲಾ ಆಗುತ್ತೆ, ಡಾಕ್ಟ್ರನ್ನ ಕೇಳಿ ಸ್ವಸ್ವಲ್ಪ ಇಳಿಸ್ಬೇಕು. ನೀವು ಹೇಳಿದ ಯೂಲಾರ್ ಪಟ್ಟೀಲೇ ಈ ಮಾತ್ರೆಗಳೂ ಇವೆ, ಬಲ ಕಮ್ಮಿ ಅಷ್ಟೇ. ಪೂರ್ತಿ ಓದಿ.

ನಡೆಯೋನು: ಓದಿದೀನಿ ಮೇಡಂ. ಔಷಧಿ ಕಂಪನಿ ಪಾಂಪ್ಲೆಟ್ ಮಾತ್ರ ಓದಿಲ್ಲ.

ಎಲ್ಲಾ_ನಾರ್ಮಲ್: ನಿಮಗೆ ಕಾಯ್ಲೆ ಹೆಸ್ರಾದ್ರೂ ಬೇಗ ಸಿಕ್ತು, ಪುಣ್ಯವಂತ್ರು. ನಂದು ಉರಿಯೂತ ಇದ್ಯಾ ನೋಡೋ ರಕ್ತಪರೀಕ್ಷೆ ಇಎಸ್ಆರ್ ನಾರ್ಮಲ್, ಅಂಥದ್ದೇ ಸಿಆರ್‌ಪಿ ನಾರ್ಮಲ್, ಥೈರಾಯ್ಡ್ ನಾರ್ಮಲ್, ಎಂಆರ್‌ಐ ನಾರ್ಮಲ್. ಒಬ್ರು ಮನಸ್ಸಿಗೆ ಹಚ್ಕೋಬೇಡಿ ಅಂತ ಸಾಗಹಾಕಿದ್ರು. ಇನ್ನೊಬ್ರು ಮೈಮೇಲೆ 18 ಕಡೆ ಒತ್ತಿ, 11 ಕಡೆ ನೋಯ್ಬೇಕು ನಿಮಗೆ 9 ಅಷ್ಟೇ ಅಂದ್ರು. ಅದು 1990ರ ಲೆಕ್ಕ ರೀ, 2010ರ ಮಾನದಂಡದಲ್ಲಿ ಒತ್ತಿ ನೋಡೋದೇ ಇಲ್ಲ, ಎಲ್ಲೆಲ್ಲಿ ನೋವು, ನಿದ್ದೆ ಹೆಂಗೆ, ಸುಸ್ತು ಎಷ್ಟು, ಮೂರು ತಿಂಗ್ಳಿಂದ ಇದ್ಯಾ ಅಂತ ಕೇಳ್ತಾರೆ. ಮನೇಲಂತೂ ರಿಪೋರ್ಟಲ್ಲಿ ಏನೂ ಇಲ್ವಲ್ಲ ಅಂತ ಇವತ್ತಿಗೂ ಚುಚ್ತಾರೆ.

ಇರುಳೆಚ್ಚರ: ಅಮಿಟ್ರಿಪ್ಟಿಲಿನ್ 10, ಮಲಗೋಕೆ ಮುಂಚೆ. ಬಾಯಿ ಒಣಗುತ್ತೆ, ನಿದ್ದೆ ಬರುತ್ತೆ. ಬೇರೆ ಎಲ್ಲಾ ಆಮೇಲೆ.

ನಡೆಯೋನು: ಅದು ಡಿಪ್ರೆಶನ್ ಮಾತ್ರೆ. ನೋವಿಗೆ ಅದ್ಯಾಕೆ?

ಇರುಳೆಚ್ಚರ: ಡಿಪ್ರೆಶನ್‌ಗೆ ಕೊಡೋ ಡೋಸ್ ಎಷ್ಟು, 10 ಎಷ್ಟು? ಇದು ನರಮಂಡಲ ನೋವಿನ ವಾಲ್ಯೂಮ್ ಏರಿಸ್ಕೊಂಡು ಕೂತಿರೋ ಕಾಯ್ಲೆ, ಅದನ್ನ ಇಳ್ಸೋಕೆ ಕೊಡೋದು.

ಎಲ್ಲಾ_ನಾರ್ಮಲ್: ಡಿಪ್ರೆಶನ್‌ಗೇ ತಗೊಂಡ್ರೂ ಏನೀಗ? ನಾನು ತಗೋತೀನಿ.

ನಡೆಯೋನು: ನಾನು ನಿಮ್ಮನ್ನ ಏನೂ ಅಂದಿಲ್ಲ.

ಎಲ್ಲಾ_ನಾರ್ಮಲ್: ಅಂದ್ರಿ. ಮೇಲೆ ಓದ್ಕೊಳ್ಳಿ.