ಎಚ್‌ಒ ಅಳತೆಯ ಮೋಟಾರು ಬೋಗಿಯ ಗರಗರ ಸದ್ದು: ಎಣ್ಣೆ ಎಲ್ಲಿಗೆ, ಎಷ್ಟು?

ಪ್ರಶ್ನೆ

ಅಮೆರಿಕದ ಬಡ್ ಕಂಪನಿ 1949ರಲ್ಲಿ ಹೊರತಂದ ಆರ್‌ಡಿಸಿ (ರೈಲ್ ಡೀಸೆಲ್ ಕಾರ್) ಎಂಬ ರೈಲು ಬೋಗಿಯ ಎಚ್‌ಒ ಮಾದರಿಯೊಂದು, ಅಂದರೆ ಅಸಲಿಗಿಂತ 87 ಪಟ್ಟು ಚಿಕ್ಕದಾದ ಪ್ರತಿಕೃತಿ, ನನ್ನಲ್ಲಿದೆ. ಪ್ರತ್ಯೇಕ ಎಂಜಿನ್ ಇಲ್ಲದೆ ತನ್ನಷ್ಟಕ್ಕೆ ತಾನೇ ಓಡುವ 85 ಅಡಿ ಉದ್ದದ ಸ್ಟೀಲ್ ಬೋಗಿ ಅದು. 1:87 ಅಳತೆಯಲ್ಲಿ ಸುಮಾರು 30 ಸೆಂ.ಮೀ. ಆಗುತ್ತದೆ. ಬಂಧುಗಳೊಬ್ಬರು ಬಹುಕಾಲ ಪೆಟ್ಟಿಗೆಯಲ್ಲಿಟ್ಟಿದ್ದ ಇದು ಈಗ ಬೆಂಗಳೂರಿನ ನಮ್ಮ ಮನೆಗೆ ಬಂದಿದೆ. ಮೋಟಾರು ನಡುವೆ ಇದ್ದು, ಎರಡೂ ಕಡೆಯ ಶಾಫ್ಟುಗಳು ಎರಡು ಟ್ರಕ್‌ಗಳ (ಬೋಗಿಯ ಅಡಿಯಲ್ಲಿ ಚಕ್ರಗಳನ್ನು ಹಿಡಿದಿರುವ ಚೌಕಟ್ಟುಗಳು) ಚಕ್ರಗಳನ್ನು ತಿರುಗಿಸುತ್ತವೆ. ಮೊದಲ ದಿನವೇ ಕಾಫಿಬೀಜ ಪುಡಿಮಾಡುವಂತಹ ಸದ್ದು ಕೇಳಿಸಿದ್ದರಿಂದ ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನು ಗಿಯರುಗಳಿಗೆ ಬಿಟ್ಟೆ. ಎರಡು ದಿನ ಶಾಂತವಾಗಿತ್ತು. ಈಗ ಬೆಳಿಗ್ಗೆ ಹೊತ್ತು ಬೋಗಿ ತಿಣುಕುತ್ತಾ ಹೊರಡುತ್ತದೆ, ಮಧ್ಯಾಹ್ನ ಸ್ವಲ್ಪ ಹಗುರಾಗುತ್ತದೆ, ಸದ್ದು ಮಾತ್ರ ಹಾಗೆಯೇ ಇದೆ. ಮುಂದಕ್ಕಿಂತ ಹಿಂದಕ್ಕೆ ಓಡಿಸಿದಾಗ ಹೆಚ್ಚು. ಹೊಲಿಗೆ ಯಂತ್ರದ ಎಣ್ಣೆ ಹಾಕಬಹುದೇ?

ಮೊದಲ ಉತ್ತರ

ದಯವಿಟ್ಟು ಇನ್ನೊಂದು ಹನಿಯನ್ನೂ ಹಾಕಬೇಡಿ. ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯುವ ಮೊದಲು ಎಣ್ಣೆ ಬಿಟ್ಟರೆ ಸುಳಿವು ಅಳಿಸಿಹೋಗುತ್ತದೆ. ಬೆಳಿಗ್ಗೆ ತಿಣುಕುವುದಕ್ಕೆ ಕಾರಣ ನೇರವಾಗಿದೆ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಬಚ್ಚಲುಮನೆಯ ಬಾಟಲಿಯಲ್ಲಿ ಆಗುವುದೇ ನಿಮ್ಮ ಗಿಯರುಗಳ ನಡುವೆಯೂ ಆಗುತ್ತಿದೆ.

ಮೇಲಿನ ಕವಚ ತೆಗೆದು, ಎರಡೂ ಶಾಫ್ಟುಗಳನ್ನು ಬಿಚ್ಚಿ, ಮಡಿಸಿದ ಟವೆಲ್ಲಿನ ಮೇಲಿಟ್ಟು ಮೋಟಾರನ್ನು ಮಾತ್ರ ಓಡಿಸಿ. ಆಗಲೂ ಕಿರ್ರೆಂದರೆ ಮೋಟಾರಿನ ಬೇರಿಂಗ್ ಒಣಗಿದೆ ಎಂದರ್ಥ. ಸುಮ್ಮನಿದ್ದರೆ ಒಂದೊಂದೇ ಶಾಫ್ಟನ್ನು ಮರಳಿ ಜೋಡಿಸಿ ಕೇಳಿ. ಒಂದು ದಿಕ್ಕಿನಲ್ಲಿ ಮಾತ್ರ ಸದ್ದು ಹೆಚ್ಚಾಗುತ್ತಿದ್ದರೆ ನನಗೆ ಅನುಮಾನ ಬರುವುದು ವರ್ಮ್ ಮೇಲೆ, ಅಂದರೆ ಗಿಯರನ್ನು ತಿರುಗಿಸುವ ತಿರುಪಿನಂತಹ ಭಾಗದ ಮೇಲೆ. ದಿಕ್ಕು ಬದಲಾದಾಗ ವರ್ಮ್ ತನ್ನ ಗೂಡಿನೊಳಗೆ ಹಿಂದಕ್ಕೋ ಮುಂದಕ್ಕೋ ಜಾರಿ ಬೇರಿಂಗಿಗೆ ಒತ್ತುತ್ತದೆ. ಶಾಫ್ಟನ್ನು ಬೆರಳಿನಿಂದ ಎಳೆದು ತಳ್ಳಿ ನೋಡಿ, ಕಣ್ಣಿಗೆ ಕಾಣುವಷ್ಟು ಸರಿದಾಡಿದರೆ ತೆಳುವಾದ ವಾಷರ್ ಒಂದನ್ನು ಸೇರಿಸಬೇಕು. ಪೂರ್ತಿ ಬಿಗಿಯಾಗಬಾರದು, ಕೂದಲೆಳೆಯಷ್ಟು ಸಡಿಲ ಇರಲೇಬೇಕು.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಹಳೆಯ ಜಿಡ್ಡನ್ನು ತೆಗೆಯುವ ಬಗೆಯನ್ನು ನಾನು ಹೇಳುತ್ತೇನೆ, ಏಕೆಂದರೆ ಮಾದರಿಗಳು ಹೆಚ್ಚಾಗಿ ಹಾಳಾಗುವುದು ಅಲ್ಲಿಯೇ. ಟ್ರಕ್ ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಫೋನಿನಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಗಿಯರುಗಳನ್ನು ಪಾತ್ರೆ ತೊಳೆಯುವ ದ್ರವ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಜಾಲಾಡಿಸಿ, ಪೂರ್ತಿ ಒಣಗಿಸಿ. ಪೆಟ್ರೋಲ್, ಥಿನ್ನರ್ ಹತ್ತಿರ ತರಬೇಡಿ. ಪಾಲಿಸ್ಟೈರೀನ್ ಕವಚ ಕರಗುತ್ತದೆ.

ಹೊಲಿಗೆ ಯಂತ್ರದ ಎಣ್ಣೆ ಲೋಹಕ್ಕೆ ಒಳ್ಳೆಯದಾದರೂ ಅದು ತೆಳುವಾಗಿ ಹರಡಿ ಬೇಡದ ಕಡೆಗೆಲ್ಲ ಸೇರುತ್ತದೆ, ಮತ್ತು ಕೆಲವು ಪ್ಲಾಸ್ಟಿಕ್ಕುಗಳಲ್ಲಿ ಬಿರುಕು ಬಿಡಿಸುತ್ತದೆ. ಪ್ಲಾಸ್ಟಿಕ್ಕಿಗೆ ಹಾನಿಯಿಲ್ಲ ಎಂದು ಸ್ಪಷ್ಟವಾಗಿ ಬರೆದಿರುವ ತೆಳು ಎಣ್ಣೆಯನ್ನು ಬೇರಿಂಗುಗಳಿಗೂ, ಅಂತಹದೇ ಗ್ರೀಸನ್ನು ವರ್ಮ್ ಮತ್ತು ಗಿಯರುಗಳಿಗೂ ಬಳಸಿ. ಎಣ್ಣೆಯನ್ನು ಡಬ್ಬಿಯಿಂದ ನೇರವಾಗಿ ಬಿಡದೆ, ಸೂಜಿಯ ತುದಿಯನ್ನು ಅದ್ದಿ, ಅಲ್ಲಿ ನಿಂತ ಹನಿಯನ್ನಷ್ಟೇ ಮೋಟಾರಿನ ಕಂಚಿನ ಬೇರಿಂಗಿಗೆ ಮುಟ್ಟಿಸಿ. ಅದಕ್ಕಿಂತ ಹೆಚ್ಚಾದ ಎಣ್ಣೆ ಶಾಫ್ಟಿನ ಗುಂಟ ಕಮ್ಯುಟೇಟರಿಗೆ (ಕಾರ್ಬನ್ ಬ್ರಷ್‌ಗಳಿಂದ ವಿದ್ಯುತ್ ಪಡೆಯುವ, ಮೋಟಾರಿನ ತಿರುಗುವ ಭಾಗ) ಹರಿದು, ಕಾರ್ಬನ್ ಬ್ರಷ್‌ಗಳ ಪುಡಿಯೊಂದಿಗೆ ಕಾಡಿಗೆಯಂತಹ ಲೇಪವಾಗಿ, ಕಡೆಗೆ ಮೋಟಾರನ್ನೇ ಬಲಿ ತೆಗೆದುಕೊಳ್ಳುತ್ತದೆ. ಗ್ರೀಸ್ ವರ್ಮ್ ಮೇಲೆ ಸಾಸಿವೆ ಕಾಳಿನಷ್ಟಿದ್ದರೆ ಸಾಕು, ಉಳಿದ ಗಿಯರುಗಳಿಗೆ ಅದೇ ಹಂಚಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಮೋಟಾರು ನಿರ್ದೋಷಿ. ಹಿಂದಿನ ಟ್ರಕ್‌ನ ವರ್ಮ್ ಸುಮಾರು ಒಂದು ಮಿ.ಮೀ. ಸರಿದಾಡುತ್ತಿತ್ತು. ತೊಳೆದು, ವಾಷರ್ ಹಾಕಿ, ಗ್ರೀಸ್ ಸವರಿದ ಮೇಲೆ ಗರಗರ ನಿಂತಿದೆ. ಆದರೆ ಆ ಸದ್ದಿನಡಿ ಅಡಗಿದ್ದ ಇನ್ನೊಂದು ಈಗ ಕೇಳಿಸುತ್ತಿದೆ: ನಿಧಾನವಾಗಿ ಓಡಿಸಿದಾಗ ಹಳಿಯ ಮೇಲೆ ಸುಮಾರು 3 ಸೆಂ.ಮೀ.ಗೊಮ್ಮೆ ಟಕ್ ಎನ್ನುತ್ತದೆ.

ಮೂರನೆಯ ಉತ್ತರ

ಆ 3 ಸೆಂ.ಮೀ. ಚಕ್ರದ ಒಂದು ಸುತ್ತಿನ ಅಳತೆ, ಹಾಗಾಗಿ ಅದು ಅಚ್ಚಿನ (ಎರಡು ಚಕ್ರಗಳನ್ನು ಜೋಡಿಸುವ ದಂಡದ) ಗಿಯರಿನದೇ ಸದ್ದು. ಅರ್ಧ ಅಚ್ಚುಗಳೆರಡನ್ನು ಎರಡು ಬದಿಯಿಂದ ಒತ್ತಿ ಕೂರಿಸಿರುವ ಪ್ಲಾಸ್ಟಿಕ್ ಗಿಯರ್ ವರ್ಷಗಳು ಕಳೆದಂತೆ ಹಲ್ಲುಗಳ ನಡುವೆ ಸೀಳುತ್ತದೆ. ಸೀಳಿದಲ್ಲಿ ಹಲ್ಲಿನ ಅಂತರ ಹಿಗ್ಗಿ ಪ್ರತಿ ಸುತ್ತಿಗೂ ಒಮ್ಮೆ ಎಡವುತ್ತದೆ. ಭೂತಗನ್ನಡಿ ಹಿಡಿದು ಗಿಯರಿನ ಕೊರಳನ್ನು ನೋಡಿ, ಕೂದಲಿನಂತಹ ಗೆರೆ ಕಾಣಬೇಕು. ಇದಕ್ಕೆ ಎಣ್ಣೆ ಮದ್ದಲ್ಲ. ಅಂಟೂ ಬೇಡ, ಆ ಜಾತಿಯ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದಿಲ್ಲ. ಹಲ್ಲುಗಳನ್ನು ಎಣಿಸಿ, ಅಚ್ಚಿನ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆದು, ಅದೇ ಅಳತೆಯ ಹೊಸ ಗಿಯರ್ ತರಿಸಿ. ನಾಲ್ಕು ಅಚ್ಚುಗಳಿಗೂ ಸೇರಿಸಿಯೇ ತರಿಸಿ, ಏಕೆಂದರೆ ಒಂದು ಸೀಳಿದ ಮೇಲೆ ಅದೇ ವಯಸ್ಸಿನ ಉಳಿದವೂ ಹೆಚ್ಚು ದಿನ ತಡೆಯುವುದಿಲ್ಲ.